ರೆಕಾರ್ಡು ಒಬ್ಬನಲ್ಲಿ, ಹೊದಿಕೆ ಒಬ್ಬನಲ್ಲಿ

ಒಬ್ಬ ಮನುಷ್ಯ ಬುಧವಾರ ಒಬ್ಬನೇ ಕೂತು ಎಂಟು ಹಾಡು ಕೇಳಿದ, ಶನಿವಾರ ಅದನ್ನೇ ಇನ್ನೊಬ್ಬನ ಜೊತೆ ಕೇಳಲು ಕೂತ. ಇಷ್ಟನ್ನೇ ಕಥೆಯೆಂದು ಹೇಳಹೊರಟಿರುವುದಕ್ಕೆ ಓದುವವರು ಕ್ಷಮಿಸಬೇಕು. ಇದರಲ್ಲಿ ಯಾರೂ ಸಾಯುವುದಿಲ್ಲ. ಸಾಯಬೇಕಾದವರು ಮೊದಲೇ ಸತ್ತಿದ್ದಾರೆ. ಸಂಗೀತದ ವಿಷಯ ನನಗೆ ಅಷ್ಟಾಗಿ ತಿಳಿಯದು. ತಿಳಿದವರಿಗೆ ತಪ್ಪು ಕಂಡರೆ ಅದು ನನ್ನದು, ವೆಲಿಮಿರನದಲ್ಲ. ಅವನಿಗೆ ಅವನ ತಪ್ಪುಗಳೇ ಸಾಕಷ್ಟಿವೆ.

ಶನಿವಾರ ಮಧ್ಯಾಹ್ನ ಹನ್ನೆರಡೂಮುಕ್ಕಾಲಿಗೆ ವೆಲಿಮಿರ್ ಕಿಟಕಿಯ ಬಳಿ ನಿಂತು ಚೌಕದ ಮರಗಳನ್ನು ನೋಡುತ್ತಿದ್ದ. ನವೆಂಬರ್ ಬಂದಿತ್ತು, ಗೂಬೆಗಳೂ ಬಂದಿದ್ದವು. ಎಲೆ ಉದುರಿದ ಕೊಂಬೆಗಳ ಮೇಲೆ ಯಾರೋ ಮರೆತುಹೋದ ಉಣ್ಣೆಯ ಟೋಪಿಗಳ ಹಾಗೆ ಕೂತು ಹಗಲಿಡೀ ನಿದ್ದೆ ಮಾಡುತ್ತ, ಕೆಳಗೆ ಹೋಗುವವರ ಮೇಲೆ ಹಿಕ್ಕೆ ಉದುರಿಸುತ್ತಿದ್ದವು. ಕಿಕಿಂಡಾ ಎಂಬ ಆ ಊರಿನವರು ಮರಗಳ ಕೆಳಗಿನ ಕಾಲುದಾರಿಗೆ ಬಂದೊಡನೆ, ಆಡುತ್ತಿದ್ದ ಮಾತನ್ನೂ ನಿಲ್ಲಿಸದೆ, ಕೈಯಲ್ಲಿದ್ದ ಪೇಪರನ್ನೋ ಚೀಲವನ್ನೋ ತಲೆಯ ಮೇಲೆ ಹಿಡಿಯುತ್ತಾರೆ. ದಾಟಿದ ಮೇಲೆ ಇಳಿಸುತ್ತಾರೆ. ಪರಊರಿನವರನ್ನು ಗುರುತಿಸುವುದು ಅದರಿಂದಲೇ. ಇವತ್ತು ಬರಬೇಕಾಗಿದ್ದ ಗೆಳೆಯ ಒಬ್ರಾದ್ ಈ ಊರು ಬಿಟ್ಟು ಝ್ರೆಂಯಾನಿನ್ ಪಟ್ಟಣ ಸೇರಿ ಇಪ್ಪತ್ತೈದು ವರ್ಷವಾಯಿತು. ಅವನಿಗೆ ಆ ಅಭ್ಯಾಸ ಉಳಿದಿದೆಯೋ ಇಲ್ಲವೋ ಎಂದು ವೆಲಿಮಿರ್ ಯೋಚಿಸಿದ. ಬಸ್ಸು ಹನ್ನೆರಡು ನಲವತ್ತಕ್ಕೆ ಬರುತ್ತದೆ. ಮೂವತ್ತೊಂದು ವರ್ಷ ಅದೇ ನಿಲ್ದಾಣದ ಗಾಜಿನ ಗೂಡಿನಲ್ಲಿ ಕೂತು ಧ್ವನಿವರ್ಧಕದಲ್ಲಿ ಬಸ್ಸುಗಳ ಹೆಸರು ಕೂಗಿದವನಿಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ. ಇವತ್ತು ಅವನಿಗೆ ರಜೆ. ರಜೆ ಎಂಬ ಪದ ಮನಸ್ಸಿಗೆ ಬಂದ ಕೂಡಲೇ ಅವನು ಕಿಟಕಿ ಬಿಟ್ಟು ಅಡುಗೆಮನೆಗೆ ಹೋಗಿ, ಕುದಿಯುತ್ತಿದ್ದ ಕಾಳಿನ ಸಾರನ್ನು ಅಗತ್ಯವಿಲ್ಲದಿದ್ದರೂ ತಿರುವಿದ.

ಒಬ್ರಾದ್ ಅವನ ಕೂಮ. ಮದುವೆಯಲ್ಲಿ ಪಕ್ಕದಲ್ಲಿ ಸಾಕ್ಷಿಯಾಗಿ ನಿಂತವನು. ಆ ಕಡೆಯವರಿಗೆ ಅದು ಅಣ್ಣತಮ್ಮಂದಿರ ಸಂಬಂಧಕ್ಕಿಂತ ಒಂದು ಕೈ ಮೇಲು. ಮದುವೆ ಮುರಿದು ಹನ್ನೊಂದು ವರ್ಷವಾಯಿತು, ಸಾಕ್ಷಿ ಉಳಿದ. ಅದಕ್ಕೂ ಹಿಂದೆ, ಇಬ್ಬರಿಗೂ ಹದಿನೇಳಾಗಿದ್ದಾಗ, ‘ಮೊಕ್ರಾ ಶಿಬಿತ್ಸಾ’ ಎಂಬ ಹೊಸ ರಾಕ್ ತಂಡದ, ಎಂದರೆ ‘ಒದ್ದೆ ಬೆಂಕಿಕಡ್ಡಿ’ ಎಂದು ಹೆಸರಿಟ್ಟುಕೊಂಡ ನಾಲ್ವರು ಹುಡುಗರ, ಮೊದಲ ರೆಕಾರ್ಡನ್ನು ಇಬ್ಬರೂ ಸೇರಿ ಕೊಂಡಿದ್ದರು. ಅದು ಯಾರ ಮನೆಯಲ್ಲಿರಬೇಕು ಎಂದು ಮೂರು ದಿನ ಜಗಳವಾಯಿತು. ಕೊನೆಗೆ ಒಬ್ರಾದನ ತಾಯಿ ಸ್ತಾನಾ, ಬ್ರೆಡ್ಡಿನ ಮೇಲೆ ಹಂದಿಯ ಕೊಬ್ಬು ಸವರಿ ಕೆಂಪುಮೆಣಸಿನ ಪುಡಿ ಉದುರಿಸುತ್ತ, “ರೆಕಾರ್ಡು ಒಬ್ಬ ಇಟ್ಕೊಳ್ಳಿ, ಕವರು ಒಬ್ಬ ಇಟ್ಕೊಳ್ಳಿ. ಆಮೇಲೆ ನೋಡೋಣ, ಯಾರು ಯಾರನ್ನ ಬಿಟ್ಟಿರ್ತೀರೋ” ಎಂದಳು. ಅದೇ ಪದ್ಧತಿಯಾಯಿತು. ಹೊಸ ರೆಕಾರ್ಡು ಬಂದರೆ ಮೊದಲ ಸಲ ಇಬ್ಬರೂ ಒಟ್ಟಿಗೆ ಕೇಳಬೇಕು, ಒಬ್ಬನೇ ಕೇಳುವಂತಿಲ್ಲ. ಇನ್ನೊಬ್ಬನ ಮನೆಗೆ ಬಂದವನು ರೆಕಾರ್ಡಿನ ಮೇಲೆ ಯಂತ್ರದ ಮುಳ್ಳು ಇಡಬೇಕು. ಎರಡೂ ಮಗ್ಗುಲು ಮುಗಿಯುವವರೆಗೆ ತುಟಿ ಬಿಚ್ಚುವಂತಿಲ್ಲ, ತಿನ್ನುವಂತಿಲ್ಲ. ಮುಗಿದ ಮೇಲೆ ಮನೆಯವನು ಮೊದಲು ಮಾತಾಡಬೇಕು. ಹೋಗುವಾಗ ಬಂದವನು ಹೊದಿಕೆಯನ್ನು ಒಯ್ಯಬೇಕು. ನಾಲ್ಕು ರೆಕಾರ್ಡುಗಳು ಹೀಗೇ ಹಂಚಿಹೋಗಿದ್ದವು. ನಾಲ್ಕನೆಯದು ಬಂದು ಇಪ್ಪತ್ತೊಂದು ವರ್ಷವಾಗಿತ್ತು. ಐದನೆಯದು ಬರುತ್ತದೆಂದು ಯಾರೂ ಎಣಿಸಿರಲಿಲ್ಲ.

ಬುಧವಾರ ಅಂಚೆಯವನು ಚೌಕಾಕಾರದ ಪೊಟ್ಟಣ ಕೊಟ್ಟುಹೋದಾಗ ಮಧ್ಯಾಹ್ನ ಎರಡು ಗಂಟೆ. ನಾಲ್ಕು ವರ್ಷದಿಂದ ಒಬ್ರಾದನಿಗೆ ಒಂದು ಹಬ್ಬದ ಶುಭಾಶಯವನ್ನೂ ಕಳಿಸದಿದ್ದವನು ನಿಂತಲ್ಲೇ ಫೋನು ತೆಗೆದು ಬರೆದ: ಶಿಬಿತ್ಸಾ ಹೊಸದು ಬಂದಿದೆ. ಬಿಚ್ಚಿಲ್ಲ. ಶನಿವಾರ ಬಾ. ಬರೆದಾಗ ಆ ಮಾತು ನಿಜವಾಗಿತ್ತು. ಆಮೇಲೆ ಫೋನನ್ನು ಮೇಜಿನ ಮೇಲಿಟ್ಟು ಎದುರಿಗೆ ಕೂತ. ಎರಡೂವರೆಯಾಯಿತು, ಮೂರಾಯಿತು. ಫೋನು ಸತ್ತ ಮೀನಿನ ಹಾಗೆ ಬಿದ್ದಿತ್ತು. ಬರುವುದಿಲ್ಲ, ಯಾಕೆ ಬಂದಾನು, ನಾನಾಗಿದ್ದರೆ ಬರುತ್ತಿದ್ದೆನೇ ಎಂದುಕೊಂಡ. ನಾಲ್ಕು ಗಂಟೆಗೆ ಕೈ ತಾನಾಗಿಯೇ ಉಗುರಿನಿಂದ ಪ್ಲಾಸ್ಟಿಕ್ಕನ್ನು ಸೀಳಿತು. ಐದಕ್ಕೆ, ಎರಡನೇ ಮಗ್ಗುಲಿನ ಕೊನೆಯ ಹಾಡು ಮುಗಿಯುತ್ತಿದ್ದಾಗ, ಫೋನು ಒಮ್ಮೆ ನಡುಗಿ ಸುಮ್ಮನಾಯಿತು: 12.40ರ ಬಸ್ಸು. ಒಂದು ಗಂಟೆ ತಡೆದುಕೊಂಡಿದ್ದರೆ ಸಾಕಿತ್ತು. ಅವನ ಬದುಕಿನಲ್ಲಿ ಕೆಟ್ಟದ್ದೆಲ್ಲ ಹೀಗೇ ನಡೆದಿದೆ, ಒಂದು ಗಂಟೆಯ ಅಂತರದಲ್ಲಿ.

ಆದರೆ ಆ ಒಂದು ಗಂಟೆ. ಅದರ ಬಗ್ಗೆ ಅವನು ಯಾರಿಗೆ ಹೇಳಬೇಕು? ಮೊದಲು ಅವನಿಗೆ ಬೇಸರವೇ ಆಗಿತ್ತು. ಡ್ರಮ್ಮು ಕೆಸರಿನಲ್ಲಿ ಕಾಲೆಳೆಯುವವನ ಹಾಗೆ ಹೆಜ್ಜೆ ಹಾಕುತ್ತಿತ್ತು, ಗಿಟಾರುಗಳಿಗೆ ನೀರು ಹಿಡಿದ ಹಾಗಿತ್ತು. ತಂಡದ ಹಾಡುಗಾರ ವುಕಾನನ ದನಿ, ಹದಿನೇಳರ ವಯಸ್ಸಿನಲ್ಲಿ ಇಬ್ಬರ ಎದೆಯನ್ನೂ ತಂತಿಯ ಹಾಗೆ ಕೊಯ್ದಿದ್ದ ಆ ದನಿ, ಬಾವಿಯ ತಳದಿಂದ ಬರುತ್ತಿತ್ತು. ಅವನ ಗಂಟಲಿಗೆ ಏನೋ ಆಗಿದೆಯೆಂದು ಪತ್ರಿಕೆಯಲ್ಲಿ ಬಂದಿತ್ತಲ್ಲ, ಅದೇ ಇರಬೇಕು. ಇಷ್ಟು ಕಾಯಿಸಿ ಇದನ್ನೇ ಕೊಟ್ಟೆಯಾ ಎಂದು ಸಿಟ್ಟು ಬಂತು. ಎರಡನೇ ಹಾಡಿಗೆ ಎದ್ದು ನಿಲ್ಲಿಸಬೇಕೆಂದುಕೊಂಡವನು ಸೋಮಾರಿತನದಿಂದ ಏಳಲಿಲ್ಲ. ಮೂರನೆಯದು ‘ಅಡುಗೆಮನೆಯ ದೀಪ’. ದೀಪ ಆರಿಸಬೇಡ, ನಾನಿನ್ನೂ ಮೆಟ್ಟಿಲ ಮೇಲಿದ್ದೇನೆ ಎಂದು ವುಕಾನ್ ಹಾಡಿದ. ಒಂದೊಂದು ಪದಕ್ಕೂ ಒಂದೊಂದು ಮಹಡಿ ಹತ್ತಿ, ಮೆಟ್ಟಿಲ ಕಂಬಿ ಹಿಡಿದು ನಿಂತು, ಉಸಿರು ತೆಗೆದುಕೊಂಡು ಹಾಡಿದ. ಮುದುಕನಾಗಿದ್ದಾನೆ, ಅದನ್ನು ಮುಚ್ಚಿಡುತ್ತಲೂ ಇಲ್ಲ ಎಂದು ವೆಲಿಮಿರನಿಗೆ ಅನ್ನಿಸಿತು. ತಡವಾಗಿ ಬರುತ್ತಿರುವ ಒಬ್ಬ ಮನುಷ್ಯ, ಮೇಲೆ ಬೆಳಕಿದೆಯೋ ಇಲ್ಲವೋ ತಿಳಿಯದೆ, ಆದರೂ ಹತ್ತುತ್ತಿದ್ದಾನೆ. ಅವನಿಗೆ ಗೊತ್ತಿಲ್ಲದೆ ಕೆನ್ನೆ ಒದ್ದೆಯಾಗಿತ್ತು. ಆಗಲೇ ಪಕ್ಕದ ಮನೆಯ ಹಂಗೇರಿಯನ್ ಮುದುಕಿ ರೋಜಿ ಅತ್ತೆ ಗೋಡೆ ಬಡಿದು ಕೂಗಿದಳು: “ವೇಲ್ಯಾ, ಮನೇಲಿ ಹೆಣ ಗಿಣ ಇಟ್ಟಿದ್ದೀಯೇನೋ? ಹಾಗಿದ್ರೆ ಹೇಳು, ಕಪ್ಪು ಬಟ್ಟೆ ಹಾಕ್ಕೊಂಡು ಬರ್ತೀನಿ.”

“ಹೊಸ ಹಾಡು ಅತ್ತೆ.”

“ಹೊಸದಾದ್ರೆ ಯಂತ್ರಕ್ಕೆ ಒಂಚೂರು ಎಣ್ಣೆ ಬಿಡು. ಎಳೀಲಾರದೆ ಎಳೀತಿದೆ ಪಾಪ.”

ನಾಲ್ಕು ವರ್ಷದ ಹಿಂದೆ, ಒಬ್ರಾದನ ತಾಯಿ ಸ್ತಾನಾಳನ್ನು ಮಣ್ಣು ಮಾಡುವ ದಿನವೂ ಅವನಿಗೆ ರಜೆಯಿತ್ತು. ಕಪ್ಪು ಸೂಟು ಹಾಕಿದ್ದ. ಸತ್ತವರಿಗೆ ಒಯ್ಯುವ ಹಾಗೆ ಸರಿಸಂಖ್ಯೆಯಲ್ಲಿ, ಆರು ಬಿಳಿ ಸೇವಂತಿಗೆ ಕೊಂಡಿದ್ದ. ಬೆಳಿಗ್ಗೆ ಒಂಬತ್ತೂಕಾಲಿನ ಬಸ್ಸಿಗೆ ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದ. ಗಾಜಿನ ಗೂಡಿನಿಂದ ಅವತ್ತು ಅವನ ಬದಲು ಕೂತಿದ್ದ ಯೆಲ್ಕಾ ತನ್ನ ಮೂಗಿನ ದನಿಯಲ್ಲಿ ಝ್ರೆಂಯಾನಿನ್ ಎಂದು ಕೂಗಿದಳು. ಬಾಗಿಲು ತೆರೆಯಿತು. ಅವನು ಒಬ್ರಾದನಿಗೆ ಹೇಳಬೇಕಾದ ಮೊದಲ ಮಾತನ್ನು ಹುಡುಕುತ್ತಿದ್ದ. ಮೊದಲ ಮಾತು ಸಿಕ್ಕಿದರೆ ಹತ್ತಬಹುದಿತ್ತು. ತೆರೆದ ಪೆಟ್ಟಿಗೆಯ ಪಕ್ಕ ನಿಂತು ಏನೆನ್ನುವುದು, ಆ ಹಣೆಗೆ ತುಟಿ ಹೇಗೆ ತಾಗಿಸುವುದು, ಆ ತುಟಿಗೆ ಇನ್ನೂ ಮೆಣಸಿನಪುಡಿಯ ಖಾರ ನೆನಪಿದೆ. ಬಾಗಿಲು ಮುಚ್ಚಿತು, ಬಸ್ಸು ಹೋಯಿತು. ಅವನು ಹೂವನ್ನು ಕಾಯುವ ಕೋಣೆಯ ಬೆಂಚಿನ ಮೇಲೆ ಬಿಟ್ಟು ಮನೆಗೆ ಬಂದು ಫೋನಿನಲ್ಲಿ, ರಜೆ ಸಿಗಲಿಲ್ಲ ಕೂಮಾ ಎಂದ. ಆ ಕಡೆಯಿಂದ “ಆಯ್ತು.” ಅಷ್ಟೇ.

ಶುಕ್ರವಾರ ಅವನು ರೆಕಾರ್ಡನ್ನು ಹೊಟ್ಟೆಗೆ ಅವುಚಿಕೊಂಡು ಮೂಲೆಯಂಗಡಿಗೆ ಹೋಗಿದ್ದ. ಮಾಂಸ, ಚೀಸ್ ಮಾರುವ ಕಟ್ಟೆಯ ಹಿಂದಿದ್ದ ದಪ್ಪ ಹೆಂಗಸಿಗೆ, ಇದಕ್ಕೆ ಪ್ಲಾಸ್ಟಿಕ್ ಹೊದಿಸಿಕೊಡಿ, ಬಿಗಿಯಾಗಿ, ಹೊಸದರ ಹಾಗೆ ಎಂದ. ಅವಳು ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. “ತೂಕಕ್ಕೆ ಹಾಕ್ಲಾ, ಹಾಗೇನಾ?” ಸಾಲಿನಲ್ಲಿದ್ದವರು ನಕ್ಕರು. “ಉಡುಗೊರೆ” ಎಂದ ಅವನು. “ಯಾರಿಗಪ್ಪಾ, ಹಲ್ಲಿಲ್ಲದೋರಿಗಾ?” ಇನ್ನೊಮ್ಮೆ ನಕ್ಕರು. ಒಬ್ರಾದ್ ಹಲ್ಲಿನ ಸೆಟ್ಟು ಮಾಡುವವನು ಎಂದು ನೆನಪಾಗಿ ವೆಲಿಮಿರನಿಗೂ ನಗು ಬರುವಂತಾಯಿತು, ಬರಲಿಲ್ಲ. ಮನೆಗೆ ಬಂದು ಚೌಕುಳಿ ಹಾಳೆಯ ಪುಸ್ತಕದಲ್ಲಿ ತಾನು ಮೊದಲು ಆಡಬೇಕಾದ ಮಾತುಗಳನ್ನು ಬರೆದ. ಆಗತಾನೇ ಹೊಳೆದಂತೆ ಕೇಳಬೇಕು, ಆದ್ದರಿಂದ ಅಲ್ಲಲ್ಲಿ ತಡವರಿಸುವ ಜಾಗಗಳನ್ನೂ ಗುರುತು ಹಾಕಿಕೊಂಡ. ನಿಧಾನದ ಬಗ್ಗೆ ಬರೆದ. ವಯಸ್ಸಾದ ದನಿಯನ್ನು ಬಚ್ಚಿಡದೆ ಮುಂದಿಡುವ ಧೈರ್ಯದ ಬಗ್ಗೆ ಬರೆದ. ಮೂರನೇ ಹಾಡಿನ ಮೆಟ್ಟಿಲಿನಿಂದ ಮೆಲ್ಲಗೆ ಪ್ಲಾಟ್‌ಫಾರ್ಮಿಗೆ ಬರುವುದು, ಅಲ್ಲಿಂದ ಆ ಸೇವಂತಿಗೆಗೆ, ಅಲ್ಲಿಂದ ಕ್ಷಮಿಸು ಎಂಬ ಮಾತಿಗೆ. ನಾಲ್ಕು ವರ್ಷದಿಂದ ಸಿಗದ ಮೊದಲ ಮಾತನ್ನು ವುಕಾನ್ ಹುಡುಕಿಕೊಟ್ಟಿದ್ದ. ಅದನ್ನು ಹೇಳಲು ಒಂದು ಸಣ್ಣ ಸುಳ್ಳು ಬೇಕಿತ್ತು, ಅಷ್ಟೇ.

ಈಗ ಬಾಗಿಲ ಗಂಟೆ ಬಡಿಯಿತು. ಒಬ್ರಾದ್ ಕುಗ್ಗಿದ್ದ, ಕೋಟು ಹಾಗೇ ಉಳಿದಿತ್ತು. ರೂಢಿಯಂತೆ ಕೆನ್ನೆಗೆ ಮೂರು ಸಲ ಮುತ್ತಿಡುವುದೋ ಕೈ ಕುಲುಕುವುದೋ ಎಂದು ಇಬ್ಬರಿಗೂ ತಿಳಿಯದೆ ಭುಜ ತಟ್ಟಿಕೊಂಡರು. ವೆಲಿಮಿರ್ ಬಾಗಿ, ಅವನಿಗೆಂದೇ ಇದ್ದ ಕಂದು ಬಣ್ಣದ ಹಳೆಯ ಚಪ್ಪಲಿಯನ್ನು ಬಾಗಿಲ ಬಳಿ ಜೋಡಿಸಿದ.

“ಬೇಡ. ಸಾಕ್ಸಲ್ಲೇ ಇರ್ತೀನಿ.”

“ನೆಲ ತಣ್ಣಗಿದೆ ಕೂಮಾ.”

“ಮೂರೂ ಹತ್ತರ ಬಸ್ಸಿದೆ. ಅಷ್ಟರೊಳಗೆ ನೆಗಡಿ ಆಗಲ್ಲ.”

ವೆಲಿಮಿರ್ ಚಪ್ಪಲಿಯನ್ನು ಮತ್ತೆ ಗೂಡಿಗೆ ಇಟ್ಟ. ಅದನ್ನು ಬೆಳಿಗ್ಗೆ ಒಲೆಯ ಬಳಿ ಬೆಚ್ಚಗೆ ಮಾಡಿದ್ದ ಎಂದು ಹೇಳಲಾಗಲಿಲ್ಲ. ಎರಡು ಪುಟ್ಟ ಲೋಟಕ್ಕೆ ರಾಕಿಯಾ, ಪ್ಲಮ್ ಹಣ್ಣಿನ ಮದ್ಯ, ಸುರಿದ. ಅದು ತಿನ್ನುವುದರಲ್ಲಿ ಸೇರುವುದಿಲ್ಲವೆಂದು ಬಹಳ ಹಿಂದೆಯೇ ತೀರ್ಮಾನವಾಗಿತ್ತು. ಒಬ್ರಾದ್ ಸರಪಳಿಯಲ್ಲಿ ಎದೆಗೆ ನೇತುಬಿದ್ದಿದ್ದ ಕನ್ನಡಕ ಏರಿಸಿ ರೆಕಾರ್ಡನ್ನು ಕೈಗೆ ತೆಗೆದುಕೊಂಡ. ಮೂಗಿಗೆ ಹಿಡಿದ.

“ಇದೇನೋ ಇದು, ಹೊಗೆಯಾಡಿಸಿದ ಹಂದಿಮಾಂಸದ ವಾಸನೆ.”

“ಹೌದಾ?”

“ಈಗ ರೆಕಾರ್ಡನ್ನೂ ಹೊಗೆ ಹಾಕಿ ಮಾರ್ತಾರೇನೋ. ಕೆಡಬಾರದು ಅಂತ.” ಒಬ್ರಾದನ ತುಟಿಯ ಮೂಲೆ ಸ್ವಲ್ಪ ಎದ್ದಿತು. ನಾಲ್ಕು ವರ್ಷದ ಮೇಲೆ ಕಂಡ ಆ ಅರೆನಗುವಿಗೆ ವೆಲಿಮಿರನ ಎದೆ ಎಷ್ಟು ಹಗುರಾಯಿತೆಂದರೆ, ಸಾರು ಉಕ್ಕುವ ಸದ್ದು ಕೇಳಿ ಅವನು ಹೆಚ್ಚುಕಡಿಮೆ ಓಡುತ್ತ ಅಡುಗೆಮನೆಗೆ ಹೋದ. ಒಲೆ ಆರಿಸಿದ. ಪ್ಲಾಸ್ಟಿಕ್ ಹರಿಯುವ ಸದ್ದು ಬಂತು, ಆಮೇಲೆ ಟಕ್ ಎಂಬ ಒಂದು ಸಣ್ಣ ಸದ್ದು. ವಾಪಸು ಬಂದು ಕುರ್ಚಿಯಲ್ಲಿ ಕೂತಾಗ ಒಬ್ರಾದ್ ದಂತಪಂಕ್ತಿ ಜೋಡಿಸುವ ಆ ನಿಶ್ಚಲ ಕೈಯಿಂದ ಮುಳ್ಳನ್ನು ಇಳಿಸುತ್ತಿದ್ದ.

ಹಾಡು ಸಿಡಿಯಿತು. ಸಿಡಿಯಿತು ಎಂದೇ ಹೇಳಬೇಕು. ಡ್ರಮ್ಮು ಹುಡುಗರು ಮೆಟ್ಟಿಲಿಳಿದು ಓಡುವ ಹಾಗೆ ಓಡಿತು, ಗಿಟಾರುಗಳು ಗಾಜಿನ ಹಾಗೆ ಮಿಂಚಿದವು, ಅವುಗಳ ನಡುವಿನಿಂದ ವುಕಾನ್ ಬಂದ, ತೆಳ್ಳಗೆ, ಚೂಪಾಗಿ, ಮೂವತ್ತು ವರ್ಷದ ಹಿಂದಿನವನೇ. ವೆಲಿಮಿರನಿಗೆ ಮೊದಲು ತಿಳಿಯಲೇ ಇಲ್ಲ. ಯಾವುದೋ ಬೇರೆ ರೆಕಾರ್ಡು ಹಾಕಿದನೇ ಎನ್ನಿಸಿತು. ಆಮೇಲೆ ಪದಗಳು ಗುರುತು ಸಿಕ್ಕವು. ಬುಧವಾರ ಬಾವಿಯಿಂದ ಒಂದೊಂದಾಗಿ ಮೇಲೆ ಬಂದಿದ್ದ ಅದೇ ಪದಗಳು ಈಗ ಗುಂಪಾಗಿ ನುಗ್ಗಿ, ಒಂದನ್ನೊಂದು ತಳ್ಳಿಕೊಂಡು ದಾಟಿಹೋಗುತ್ತಿದ್ದವು. ಇದು ತಪ್ಪು. ಕೂಮನ ಕಣ್ಣು ಮಂಜಾಗಿರಬೇಕು, ಯಾವುದೋ ಗುಂಡಿ ಒತ್ತಿಬಿಟ್ಟಿದ್ದಾನೆ. ಹೀಗೇ ಬಿಟ್ಟರೆ ಮೂರನೇ ಹಾಡು ಹಾಳಾಗುತ್ತದೆ, ಮೂರನೇ ಹಾಡು ಹಾಳಾದರೆ ತನ್ನ ಮಾತು ಎಲ್ಲಿಂದ ಶುರುವಾಗಬೇಕು? ನಲವತ್ಮೂರು ವರ್ಷದಲ್ಲಿ ಯಾರೂ ಮುರಿಯದ ಮೌನವನ್ನು ಅವನ ಬಾಯಿ ಮುರಿಯಿತು.

“ಕೂಮಾ, ವೇಗ ತಪ್ಪಾಗಿದೆ. ಮೂವತ್ಮೂರಕ್ಕೆ ಹಾಕು.”

ಒಬ್ರಾದ್ ತಲೆ ತಿರುಗಿಸಿದ. “ಏನಂದೆ?”

“ಅವನ ದನಿ ಇಷ್ಟು ತೆಳು ಇಲ್ಲ ಈಗ. ದಪ್ಪಗಾಗಿದೆ. ಮುಂದೆ ಮೂರನೇದು ಬರುತ್ತಲ್ಲ, ಅದರಲ್ಲಿ—”

ಅಷ್ಟು ಹೊತ್ತಿಗೆ ತನ್ನ ಮಾತು ತನ್ನ ಕಿವಿಗೇ ಬಿತ್ತು. ಒಬ್ರಾದ್ ಎದ್ದು, ಹಾಡಿನ ನಡುವೆಯೇ ಮುಳ್ಳನ್ನು ಎತ್ತಿದ. ಹಿಂದೆಂದೂ ಹಾಗೆ ಎತ್ತಿರಲಿಲ್ಲ. ತಿರುಗುತ್ತಿದ್ದ ರೆಕಾರ್ಡು ನಿಲ್ಲುವವರೆಗೆ ಕಾದ. ಆಮೇಲೆ ಅದರ ನಡುವಿನ ಕಾಗದದ ಬಿಲ್ಲೆಯ ಮೇಲೆ, ಅಂಚಿನಲ್ಲಿ, ಇರುವೆ ಗಾತ್ರದ ಅಂಕಿಯನ್ನು ಬೆರಳಿನಿಂದ ತೋರಿಸಿದ. ನಲವತ್ತೈದು, ಎಂದರೆ ನಿಮಿಷಕ್ಕೆ ಅಷ್ಟು ಸುತ್ತು. ಎಂಟೇ ಹಾಡು, ಚಿಕ್ಕ ಚಿಕ್ಕ ಹಾಡು. ಈಗಿನವರು ಹೀಗೂ ಅಚ್ಚು ಹಾಕುತ್ತಾರೆ. ವೆಲಿಮಿರನ ಯಂತ್ರದ ಗುಂಡಿ ಕೊಂಡ ದಿನದಿಂದ, ಈಗ ಒಬ್ರಾದ್ ಅದನ್ನು ಟಕ್ಕೆಂದು ಸರಿಸುವವರೆಗೆ, ಮೂವತ್ಮೂರರಲ್ಲೇ ನಿಂತು ಧೂಳು ಹಿಡಿದಿತ್ತು.

“ಈಗ ದಪ್ಪಗಾಗಿದೆ ಅಂತ ನಿನಗೆ ಹೇಗೆ ಗೊತ್ತಾಯ್ತು ವೇಲ್ಯಾ?”

ಕೂಮಾ ಎನ್ನಲಿಲ್ಲ. ವೆಲಿಮಿರ್ ತನ್ನ ಮೊಣಕಾಲುಗಳನ್ನು ನೋಡಿದ. “ನೀನು ಬರಲ್ಲ ಅಂದ್ಕೊಂಡೆ. ನಾಲ್ಕು ಗಂಟೆವರೆಗೂ ಕಾದೆ.”

“ನಾನು ಹಲ್ಲು ಅಚ್ಚಿಗೆ ಹಾಕ್ತಿದ್ದೆ. ಕೈ ತುಂಬ ಗಚ್ಚಿತ್ತು. ಫೋನು ನೋಡಿದ್ದೇ ಐದಕ್ಕೆ.” ಒಬ್ರಾದ್ ಕೂತ. ಲೋಟದಲ್ಲಿ ಉಳಿದದ್ದನ್ನು ಕುಡಿಯದೆ ತಿರುಗಿಸಿದ. “ಅಮ್ಮನ ದಿನ ಆ ಒಂಬತ್ತೂಕಾಲಿನ ಬಸ್ಸಲ್ಲಿ ನಮ್ಮ ಚಿಕ್ಕಮ್ಮ ಇದ್ಲು. ಕಿಟಕಿ ಪಕ್ಕ.”

ಅಡುಗೆಮನೆಯಲ್ಲಿ ಪಾತ್ರೆಯ ಮುಚ್ಚಳ ತಣ್ಣಗಾಗುತ್ತ ಒಮ್ಮೆ ಸದ್ದು ಮಾಡಿತು.

“ಬಂದವಳೇ, ವೇಲ್ಯಾ ಕರೀ ಸೂಟು ಹಾಕ್ಕೊಂಡು ಹೂವು ಹಿಡ್ಕೊಂಡು ನಿಂತಿದಾನೆ, ಯಾರಿಗೋ ಕಾಯ್ತಿದಾನೆ, ಮುಂದಿನ ಬಸ್ಸಿಗೆ ಬರ್ತಾನೆ ಅಂದ್ಲು. ಊಟಕ್ಕೆ ನಿನ್ನದೊಂದು ತಟ್ಟೆ ಹಾಕಿದ್ವಿ. ನನ್ನ ಪಕ್ಕದಲ್ಲಿ. ಆಮೇಲೆ ನೀನು ಫೋನು ಮಾಡಿದೆ.”

“ಆವತ್ತೇ ಯಾಕೆ ಹೇಳ್ಲಿಲ್ಲ?”

“ನೀನು ಹೇಳ್ತೀಯ ಅಂತ.”

ಚೌಕುಳಿ ಹಾಳೆಯ ಪುಸ್ತಕ ಕಿಟಕಿಯ ಕಟ್ಟೆಯ ಮೇಲಿತ್ತು. ಅದರಲ್ಲಿ ಎಲ್ಲವೂ ಇತ್ತು, ತಡವರಿಸುವ ಜಾಗಗಳ ಸಮೇತ. ಆದರೆ ಅದು ಇಲ್ಲದ ಒಂದು ರೆಕಾರ್ಡಿನ ಬಗ್ಗೆ ಬರೆದದ್ದು. ಆ ಮುದುಕನಾದ ವುಕಾನ್, ಕಂಬಿ ಹಿಡಿದು ನಿಂತು ಉಸಿರು ತೆಗೆದುಕೊಂಡವನು, ಎಲ್ಲಿಯೂ ಇಲ್ಲ. ವೆಲಿಮಿರನ ಗುಂಡಿಯೊಂದು ತಪ್ಪು ಜಾಗದಲ್ಲಿ ನಿಂತು ಒಂದು ಗಂಟೆ ಅವನನ್ನು ಸೃಷ್ಟಿಸಿತ್ತು. ಅವನ ಎದುರು ತಾನು ಅತ್ತದ್ದು ನೆನೆದು ಕಿವಿಯ ತುದಿ ಸುಟ್ಟಿತು. ನಿಜವಾದ ವುಕಾನ್ ಈಗಲೂ ಮೂವತ್ತರವನ ಹಾಗೆ ಒಂದೇ ಉಸಿರಿಗೆ ಮೆಟ್ಟಿಲು ಹತ್ತುತ್ತಾನೆ. ಮೇಲೆ ದೀಪ ಉರಿಯುತ್ತಿದೆಯೆಂದು ಅವನಿಗೆ ಗ್ಯಾರಂಟಿ ಗೊತ್ತು. ಅಂಥವನ ಹತ್ತಿರ ತನಗೇನು ಕೆಲಸ?

“ಹಾಕು” ಎಂದ ಒಬ್ರಾದ್.

“ಏನು?”

“ಆ ಮೂರನೇದು. ನೀನು ಕೇಳಿದ ಹಾಗೆ ಹಾಕು.”

“ಅದು ತಪ್ಪು ವೇಗ.”

“ಗೊತ್ತು ಮಾರಾಯ. ಹಾಕು.”

ಮನೆಯವನು ಮುಳ್ಳು ಇಡುವುದು ಪದ್ಧತಿಯಲ್ಲ. ವೆಲಿಮಿರ್ ಗುಂಡಿಯನ್ನು ಹಿಂದಕ್ಕೆ ತಳ್ಳಿದ. ಅವನು ಇಟ್ಟ ಮುಳ್ಳು ಎರಡನೇ ಹಾಡಿನ ಬಾಲಕ್ಕೆ ಬಿದ್ದು ಕರಕರ ಎಂದಿತು. ಆಮೇಲೆ ಆ ಕಾಲೆಳೆಯುವ ಡ್ರಮ್ಮು, ಆ ಬಾವಿ, ಆ ದನಿ. ದೀಪ ಆರಿಸಬೇಡ. ಒಬ್ರಾದ್ ಕನ್ನಡಕ ಇಳಿಸಿ ಕಣ್ಣು ಮುಚ್ಚಿದ. ಹಲ್ಲಿಲ್ಲದವರ ಬಾಯಿಗೆ ಹಲ್ಲು ಕೂರಿಸಿ, ಮೊದಲು ಅವರಿಂದ ‘ಸ’ ಹೇಳಿಸಿ ನೋಡುವ ಕಿವಿ ಅದು. ನಡುವೆ ಒಮ್ಮೆ, ಮಾತಾಡಬಾರದೆಂಬುದು ಈಗ ಯಾರಿಗೂ ಲೆಕ್ಕವಿಲ್ಲದ್ದರಿಂದ, ಮೆಲ್ಲಗೆ ಹೇಳಿದ: “ಇದು ವಯಸ್ಸಾದವರ ‘ಸ’ ಅಲ್ಲ. ಎಳೆದ ‘ಸ’.” ವೆಲಿಮಿರ್ ತಲೆಯಾಡಿಸಿದ. ತಾನೂ ಅದನ್ನು ಬುಧವಾರವೇ ಕೇಳಿದ್ದೆನೇ, ಕೇಳಿಯೂ ಕೇಳದವನ ಹಾಗೆ ಇದ್ದೆನೇ ಎಂದು ಈಗ ಅವನಿಗೆ ಖಾತ್ರಿಯಿರಲಿಲ್ಲ. ನಾನಿನ್ನೂ ಮೆಟ್ಟಿಲ ಮೇಲಿದ್ದೇನೆ. ಮೂರನೆಯದು ಮುಗಿಯಿತು, ನಾಲ್ಕನೆಯದು ಶುರುವಾಗಿ ಅದೂ ಮುಗಿಯಿತು, ಮುಳ್ಳು ತಾನಾಗಿ ಎದ್ದು ತನ್ನ ಜಾಗಕ್ಕೆ ಹೋಗಿ ಕೂತಿತು. ಎರಡನೇ ಮಗ್ಗುಲಿಗೆ ತಿರುಗಿಸಲು ಇಬ್ಬರಲ್ಲಿ ಯಾರೂ ಏಳಲಿಲ್ಲ.

ಮನೆಯವನು ಮೊದಲು ಮಾತಾಡಬೇಕು. ವೆಲಿಮಿರ್ ಕಿಟಕಿಯ ಕಟ್ಟೆಯ ಕಡೆ ನೋಡಲಿಲ್ಲ.

“ಒಂಬತ್ತೂಕಾಲಿಗೆ ನಿಂತಿದ್ದೆ” ಎಂದ. “ಬಾಗಿಲು ತೆಗೀತು. ಹತ್ತಲಿಲ್ಲ. ರಜೆ ಇತ್ತು.”

ಒಬ್ರಾದ್ ಗಡಿಯಾರ ನೋಡಿ, “ಮೂರೂ ಹತ್ತರದ್ದು ಸರಿಯಾಗಿ ಬರುತ್ತಾ, ಇಲ್ಲ ಹಳೇ ಕಾಲದ ಹಾಗೇನಾ?” ಎಂದು ಕೇಳಿದ.

“ಸರಿಯಾಗಿ ಬರುತ್ತೆ. ಸಾರು ಮಾಡಿದೀನಿ.”

“ಹೊತ್ತಾಯ್ತು.”

ಬಾಗಿಲಲ್ಲಿ ಬೂಟು ಹಾಕಿಕೊಳ್ಳುವಾಗ ಅವನು ಗೋಡೆ ಹಿಡಿದುಕೊಂಡ. ವೆಲಿಮಿರ್ ಕೋಟು ಹಿಡಿದ, ತೋಳು ಸಿಕ್ಕಲಿಲ್ಲ, ಎರಡನೇ ಸಲ ಸಿಕ್ಕಿತು. ಒಬ್ರಾದ್ ಏನೋ ಮರೆತವನಂತೆ ಒಮ್ಮೆ ಒಳಗೆ ಹೋಗಿ, ಕೋಟನ್ನು ಎದೆಗೆ ಅವುಚಿಕೊಂಡು ಬಂದ. ಮೆಟ್ಟಿಲಿಳಿಯುವ ಸದ್ದು ಕೇಳುತ್ತ ವೆಲಿಮಿರ್ ಬಾಗಿಲಲ್ಲೇ ನಿಂತಿದ್ದ. ಹಗಲು ಹೊತ್ತಿನಲ್ಲಿ ಅರ್ಥವಿಲ್ಲದಿದ್ದರೂ ಮೆಟ್ಟಿಲ ದೀಪದ ಗುಂಡಿಯನ್ನು ಒತ್ತಿ ಹಿಡಿದುಕೊಂಡಿದ್ದ. ಸದ್ದು ನಿಂತ ಮೇಲೆ ಕಿಟಕಿಗೆ ಬಂದ. ಚೌಕದಲ್ಲಿ ಗೂಬೆಗಳು ಹಾಗೇ ಕೂತಿದ್ದವು. ಒಬ್ರಾದ್ ಮರಗಳ ಕೆಳಗೆ ಬಂದ. ಅವನ ಎರಡೂ ಕೈ ಮೇಲಿದ್ದವು, ತಲೆಯ ಮೇಲೆ ಚೌಕಾಕಾರದ ರಟ್ಟಿನ ಹೊದಿಕೆ ಇತ್ತು. ಅದರ ಮೇಲಿದ್ದ ವುಕಾನನ ಮುಖ ಆಕಾಶ ನೋಡುತ್ತಿತ್ತು. ವೆಲಿಮಿರ್ ಮೇಜಿನ ಕಡೆ ತಿರುಗಿದ. ರೆಕಾರ್ಡು ಯಂತ್ರದ ಮೇಲೆ ಬರಿಮೈಯಲ್ಲಿತ್ತು. ಮತ್ತೆ ಕಿಟಕಿಗೆ ತಿರುಗುವಷ್ಟರಲ್ಲಿ ಒಬ್ರಾದ್ ಮರಗಳನ್ನು ದಾಟಿ ಅಂಗಡಿಗಳ ಮೂಲೆಯಲ್ಲಿ ಮರೆಯಾಗಿದ್ದ. ದಾಟಿದ ಮೇಲೆ ಅದನ್ನು ಕಂಕುಳಲ್ಲಿಟ್ಟುಕೊಂಡನೋ, ಅಲ್ಲಿಯ ಕಸದ ತೊಟ್ಟಿಗೆ ಹಾಕಿದನೋ ಕಾಣಲಿಲ್ಲ.

ಅವನು ಅದನ್ನು ಪದ್ಧತಿಯಂತೆ ಒಯ್ದನೋ, ಗೂಬೆಗಳಿಗೆ ಹೆದರಿ ಒಯ್ದನೋ ನನಗೆ ಗೊತ್ತಿಲ್ಲ. ವೆಲಿಮಿರನಿಗೂ ಗೊತ್ತಿಲ್ಲ. ಹೋಗಿ ಆ ತೊಟ್ಟಿಯೊಳಗೆ ನೋಡಿದ್ದರೆ ತಿಳಿಯುತ್ತಿತ್ತು, ಅವನು ಹೋಗಲಿಲ್ಲ.